ಮಲೆನಾಡಲ್ಲಿ ಬಿಳಿ-ಹಸಿರು ಐವಿ ಬಳ್ಳಿ ಬೆಳೆಸೋದು: ಗಿಡ ತರೋದ್ರಿಂದ ಮಳೆಗಾಲ ದಾಟಿಸೋ ತನಕ

ಪ್ರತಿ ವರ್ಷ ಮಳೆ ಹಿಂದೆ ಸರೀತಿದ್ದ ಹಾಗೇ ಐವಿ ಬಗ್ಗೆ ಎರಡೇ ಎರಡು ಪ್ರಶ್ನೆ ಬರೋಕೆ ಶುರು ಆಗತ್ತೆ. ಒಂದು, "ಚೆಂದದ ಗಿಡ ತಂದಿದ್ವಿ, ಆಷಾಢ ಕಳಿಯೋ ಅಷ್ಟರಲ್ಲಿ ಬುಡ ಕೊಳೆತು ಹೋಯ್ತು". ಇನ್ನೊಂದು, "ತಂದಾಗ ಎಲೆಗೆ ಬಿಳಿ ಅಂಚು ಇತ್ತು, ಈಗ ಪೂರ್ತಿ ಹಸಿರಾಗಿದೆ, ನರ್ಸರಿಯವ್ರು ಬೇರೆ ಗಿಡ ಕೊಟ್ರಾ". ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರೆಯೋ ಬದಲು ಗಿಡ ಆರಿಸೋದ್ರಿಂದ ಹಿಡಿದು ಎಲ್ಲಾನೂ ಒಂದೇ ಕಡೆ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ನಿಮಗೆ ಬೇಕಾದ ಹಂತಕ್ಕೆ ನೇರವಾಗಿ ಹೋಗ್ಬಹುದು. ಆದ್ರೆ 9 ಮತ್ತು 10ನೇದನ್ನ ಮಾತ್ರ ಬಿಡಬೇಡಿ.

ಒಂದು ವಿಷಯ ಮೊದಲೇ ತಲೇಲಿ ಇಟ್ಕೊಳ್ಳಿ. ನಮ್ಮ ಕಡೆ ಐವಿ ಬಿಸಿಲಿಗೆ ಸಾಯೋದಕ್ಕಿಂತ ಬೇರಿಗೆ ನೀರು ನಿಂತು ಸಾಯೋದೇ ಜಾಸ್ತಿ. ಇದು ಯುರೋಪು ಮತ್ತು ಪಶ್ಚಿಮ ಏಷ್ಯಾದ ಬಳ್ಳಿ, ಅಲ್ಲಿ ಮಳೆ ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಬರತ್ತೆ. ಲಂಡನ್‌ನಲ್ಲಿ ಇಡೀ ವರ್ಷಕ್ಕೆ ಬೀಳೋದು ಸುಮಾರು 600 ಮಿ.ಮೀ, ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಮೂರು ಪಟ್ಟಿಗೂ ಮೀರಿ ಸುರಿಯತ್ತೆ. ಹಾಗಾಗಿ ಪುಣೆಯವ್ರೋ ದೆಹಲಿಯವ್ರೋ ವಿಡಿಯೋದಲ್ಲಿ "ದಿನಾ ನೀರು ಹಾಕಿ, ಎಲೆ ಮೇಲೆ ಸ್ಪ್ರೇ ಮಾಡಿ" ಅಂತ ಹೇಳೋದನ್ನ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಕೂತು ಪಾಲಿಸಿದ್ರೆ ಗಿಡ ಉಳಿಯಲ್ಲ.

1. ನೀವು ತಂದಿರೋದು ಐವಿನೇನಾ ಅಂತ ನೋಡ್ಕೊಳ್ಳಿ

ಇದು ಸಣ್ಣ ವಿಷಯ ಅನ್ನಿಸ್ಬಹುದು, ಆದ್ರೆ ನಂಗೆ ಬರೋ ಫೋಟೋಗಳಲ್ಲಿ ಎಷ್ಟೋ ಗಿಡ ಐವಿನೇ ಆಗಿರಲ್ಲ. ನಿಜವಾದ ಐವಿ ಅಂದ್ರೆ ಹೆಡೆರಾ ಜಾತಿದು, ಸಾಮಾನ್ಯವಾಗಿ ಹೆಡೆರಾ ಹೀಲಿಕ್ಸ್, ಇಂಗ್ಲಿಷ್ ಐವಿ ಅಂತ ಮಾರ್ತಾರೆ. ಎಲೆಗೆ ಮೂರರಿಂದ ಐದು ಮೂಲೆ ಇರತ್ತೆ, ತೊಂಡೆ ಎಲೆ ಥರ, ಆದ್ರೆ ತೊಂಡೆಗಿಂತ ದಪ್ಪ, ಮುಟ್ಟಿದ್ರೆ ಸ್ವಲ್ಪ ಚರ್ಮ ಮುಟ್ಟಿದ ಹಾಗೆ ಗಟ್ಟಿ. ತೊಂಡೆಗೆ ಇರೋ ಸುರುಳಿ ಎಳೆ ಇದಕ್ಕೆ ಇರಲ್ಲ. ಅದರ ಬದಲು ಕಾಂಡದ ಒಂದು ಪಕ್ಕದಲ್ಲಿ ಸಣ್ಣ ಕೂದಲಿನ ಗೊಂಚಲಿನ ಹಾಗೆ ಬೇರು ಬರತ್ತೆ, ಅದರಲ್ಲೇ ಗೋಡೆ ಹಿಡಿಯೋದು.

ಹೃದಯದ ಆಕಾರದ ಎಲೆ ಇದ್ದು ಗೆಣ್ಣಿಗೊಂದು ದಪ್ಪ ಬೇರು ಬಿಡ್ತಿದ್ರೆ ಅದು ಮನಿ ಪ್ಲಾಂಟ್, ಅದಕ್ಕೂ ಡೆವಿಲ್ಸ್ ಐವಿ ಅಂತಾರೆ, ಹಾಗಾಗಿ ಗೊಂದಲ ಆಗೋದು ಸಹಜ. ಎಲೆ ಚಿವುಟಿದ್ರೆ ಹಾಲು ಬಂದ್ರೆ ಅದು ಗೋಡೆಗೆ ಹಬ್ಬಿಸೋ ಕ್ರೀಪಿಂಗ್ ಫಿಗ್, ಆಲದ ಕುಟುಂಬದ್ದು. ಎಲ್ಲಕ್ಕಿಂತ ಹೆಚ್ಚು ಮೋಸ ಹೋಗೋದು ಕೇಪ್ ಐವಿ ವಿಷಯದಲ್ಲಿ, ನೋಡೋಕೆ ಥೇಟ್ ಬಿಳಿ ಅಂಚಿನ ಐವಿನೇ, ಆದ್ರೆ ಎಲೆ ಮೇಣ ಹಚ್ಚಿದ ಹಾಗೆ ಹೊಳೀತಿರತ್ತೆ, ರಸಭರಿತವಾಗಿರತ್ತೆ, ಕಾಂಡದಲ್ಲಿ ಅಂಟೋ ಬೇರು ಇರಲ್ಲ, ಸುತ್ತಿಕೊಂಡು ಹತ್ತತ್ತೆ. ಅದಕ್ಕೆ ನೀರು ಇನ್ನೂ ಕಡಿಮೆ ಸಾಕು. ಈ ಲೇಖನ ಹೆಡೆರಾಗೆ ಮಾತ್ರ.

2. ಯಾವ ತಳಿ, ಹೇಗೆ ಆರಿಸೋದು

ವೇರಿಗೇಟೆಡ್ ಅಂದ್ರೆ ಎಲೆಯಲ್ಲಿ ಹಸಿರಿನ ಜೊತೆ ಬಿಳಿ, ಕೆನೆ ಅಥವಾ ಹಳದಿ ಬಣ್ಣ ಸೇರಿರೋದು. ನಮ್ಮ ನರ್ಸರಿಗಳಲ್ಲಿ ತಳಿ ಹೆಸರು ಹಾಕಿರೋದು ಅಪರೂಪ, ಎಲ್ಲಾನೂ ವೇರಿಗೇಟೆಡ್ ಐವಿ ಅಂತಾನೇ ಕೊಡ್ತಾರೆ. ಆದ್ರೂ ಗುರುತು ಹಿಡಿಯೋಕೆ ಹೇಳ್ತೀನಿ: ಬೂದು-ಹಸಿರು ಎಲೆಗೆ ಸಣ್ಣ ಕೆನೆ ಅಂಚು ಇದ್ರೆ ಗ್ಲೇಸಿಯರ್, ಅಂಚು ಹಳದಿ ಇದ್ರೆ ಗೋಲ್ಡ್‌ಚೈಲ್ಡ್, ಅಂಚು ಹಸಿರಿದ್ದು ಎಲೆ ಮಧ್ಯದಲ್ಲಿ ಹಳದಿ ಇದ್ರೆ ಗೋಲ್ಡ್‌ಹಾರ್ಟ್. ಹೊಸಬರಿಗೆ ನಾನು ಹೇಳೋದು ಗ್ಲೇಸಿಯರ್. ಗೋಲ್ಡ್‌ಹಾರ್ಟ್ ಬಹಳ ಚೆಂದ, ಆದ್ರೆ ಹಸಿರಿಗೆ ತಿರುಗೋ ಚಾಳಿ ಅದಕ್ಕೆ ಜಾಸ್ತಿ. ಶಿವಮೊಗ್ಗ, ಭದ್ರಾವತಿ ಪೇಟೆಯಲ್ಲಿ ಇರೋರು, ಅಂದ್ರೆ ಏಪ್ರಿಲ್ ತಿಂಗಳ ಸೆಕೆ ಅನುಭವಿಸೋರು, ದೊಡ್ಡ ಎಲೆಯ ಅಲ್ಜೀರಿಯನ್ ಐವಿ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಉತ್ತರ ಆಫ್ರಿಕಾದ್ದು, ಸೆಕೆ ತಡೆಯತ್ತೆ.

ತಗೊಳ್ಳೋವಾಗ ಎಲೆ ತಿರುಗಿಸಿ ಕೆಳಭಾಗ ನೋಡಿ. ಸಣ್ಣ ಬಲೆ, ಧೂಳಿನಂಥ ಚುಕ್ಕೆ, ಹತ್ತಿಯಂಥ ಬಿಳಿ ಉಂಡೆ ಇದ್ರೆ ಬೇಡ. ನರ್ಸರಿಯವ್ರು ಬೈಯಲ್ಲ ಅಂದ್ರೆ ಕುಂಡ ಓರೆ ಮಾಡಿ ತಳದ ತೂತಲ್ಲಿ ಬೇರು ನೋಡಿ, ಬಿಳಿ ಇದ್ರೆ ಒಳ್ಳೇದು, ಕಂದು ಬಣ್ಣಕ್ಕೆ ತಿರುಗಿ ವಾಸನೆ ಬರ್ತಿದ್ರೆ ಎಷ್ಟು ಕಡಿಮೆ ಬೆಲೆಗೆ ಕೊಟ್ರೂ ಬಿಟ್ಟುಬಿಡಿ. ಮತ್ತೆ, ಪೂರ್ತಿ ಬಿಳಿ ಎಲೆ ಜಾಸ್ತಿ ಇರೋ ಗಿಡ ಕಣ್ಣಿಗೆ ಆಕರ್ಷಕ ಅಂತ ಆರಿಸಬೇಡಿ, ಕಾರಣ ಮುಂದೆ ಬರತ್ತೆ.

"ಗಾಳಿ ಶುದ್ಧ ಮಾಡತ್ತಂತೆ ಹೌದಾ" ಅಂತ ಕೇಳೋರಿಗೆ: 1989ರ ನಾಸಾ ಪ್ರಯೋಗದಲ್ಲಿ ಐವಿ ಇದ್ದಿದ್ದು ನಿಜ, ಆದ್ರೆ ಅದು ಗಾಳಿ ಆಡದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ್ದು. ಕಿಟಕಿ ಬಾಗಿಲು ತೆಗೆದಿರೋ ನಮ್ಮ ಮನೆಗಳಲ್ಲಿ ಒಂದೆರಡು ಕುಂಡದಿಂದ ಅಂಥ ವ್ಯತ್ಯಾಸ ಆಗಲ್ಲ. ಚೆಂದಕ್ಕೆ ಬೆಳೆಸಿ, ಅಷ್ಟು ಸಾಕು.

3. ಸಮಯ: ಮುಂಗಾರಲ್ಲಿ ನೆಡಬೇಡಿ

ನಮ್ಮಲ್ಲಿ ಯಾವ ಗಿಡ ಆದ್ರೂ ಜೂನ್ ಮಳೆ ಬಿದ್ದ ಕೂಡಲೇ ನೆಡೋ ಅಭ್ಯಾಸ. ಅಡಿಕೆ ಸಸಿ, ಮೆಣಸಿನ ಬಳ್ಳಿ, ಡೇರೆ ಎಲ್ಲಕ್ಕೂ ಅದು ಸರಿ. ಐವಿಗೆ ಮಾತ್ರ ಉಲ್ಟಾ. ಹೊಸ ಬೇರು ಮಣ್ಣು ಹಿಡಿಯೋ ಮೊದಲೇ ಎರಡು ಮೂರು ತಿಂಗಳು ಒಂದೇ ಸಮ ಒದ್ದೆ ಇದ್ರೆ ಕೊಳೆಯದೇ ಇನ್ನೇನು ಆಗತ್ತೆ. ಇದಕ್ಕೆ ಸರಿಯಾದ ಕಾಲ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಕೊನೆ ತನಕ, ಅಂದ್ರೆ ನವರಾತ್ರಿ ಕಳೆದ ಮೇಲೆ. ಹಗಲು ಬೆಚ್ಚಗೆ, ರಾತ್ರಿ ತಂಪು, 15ರಿಂದ 25 ಡಿಗ್ರಿ ಆಸುಪಾಸಲ್ಲಿ ಇದು ಚೆನ್ನಾಗಿ ಬೆಳೆಯತ್ತೆ, ಆ ಹವೆ ನಮಗೆ ಸಿಗೋದೇ ಆಗ. ಬೇಸಿಗೆ ಬರೋ ಅಷ್ಟರಲ್ಲಿ ಬೇರು ಗಟ್ಟಿ ಆಗಿರತ್ತೆ, ಮುಂದಿನ ಮಳೆಗಾಲಕ್ಕೆ ಗಿಡಕ್ಕೆ ತಾಕತ್ತು ಬಂದಿರತ್ತೆ.

4. ಜಾಗ

ಪೂರ್ವ ಅಥವಾ ಉತ್ತರ ದಿಕ್ಕಿನ ಜಗಲಿ ಅಂಚು ಇದಕ್ಕೆ ಹೇಳಿ ಮಾಡ್ಸಿದ ಜಾಗ. ಬೆಳಿಗ್ಗೆ 9-10 ಗಂಟೆ ತನಕದ ಬಿಸಿಲು ಬಿದ್ರೆ ಬೀಳ್ಲಿ, ಆಮೇಲೆ ನೇರ ಬಿಸಿಲು ಬೇಡ, ಆದ್ರೆ ಬೆಳಕು ಚೆನ್ನಾಗಿರಬೇಕು. ಬಿಳಿ ಭಾಗದಲ್ಲಿ ಹರಿತ್ತು, ಅಂದ್ರೆ ಆಹಾರ ತಯಾರಿಸೋ ಹಸಿರು ಅಂಶ ಇಲ್ಲ, ಹಾಗಾಗಿ ಫೆಬ್ರವರಿಯಿಂದ ಮೇ ತನಕದ ಮಧ್ಯಾಹ್ನದ ಬಿಸಿಲು ಬಿದ್ರೆ ಮೊದಲು ಸುಟ್ಟು ಕಂದಾಗೋದು ಅದೇ. ಹಾಗಂತ ಕತ್ತಲ ಮೂಲೆಗೆ ಇಟ್ರೆ ಬಣ್ಣ ಹೋಗತ್ತೆ. ಪೂರ್ತಿ ಹಸಿರು ಐವಿ ಕತ್ತಲಲ್ಲೂ ಹೇಗೋ ಬದುಕತ್ತೆ, ವೇರಿಗೇಟೆಡ್‌ಗೆ ಅದಕ್ಕಿಂತ ಜಾಸ್ತಿ ಬೆಳಕು ಬೇಕೇ ಬೇಕು.

ಪೇಟೆಯ ಟೆರೇಸ್ ಮೇಲೆ ಇಡೋರು 50 ಪರ್ಸೆಂಟ್ ಶೇಡ್ ನೆಟ್ ಕೆಳಗೆ ಇಡಿ, ಕಾದ ಸಿಮೆಂಟ್ ನೆಲಕ್ಕೆ ಕುಂಡ ತಾಗದ ಹಾಗೆ ಇಟ್ಟಿಗೆ ಕೊಡಿ.

ಅಡಿಕೆ ತೋಟದ ಒಳಗೆ ನೆರಳು ಚೆನ್ನಾಗಿದ್ಯಲ್ಲ ಅಲ್ಲೇ ಬಿಡೋಣ ಅಂತ ಹಲವರು ಯೋಚನೆ ಮಾಡ್ತಾರೆ, ದಯವಿಟ್ಟು ಬೇಡ. ಅಲ್ಲಿ ಮಳೆಗಾಲದಲ್ಲಿ ನೀರು, ಕೊಳೆರೋಗದ ಶಿಲೀಂಧ್ರ ಎರಡೂ ಇರತ್ತೆ. ಅದಕ್ಕಿಂತ ಮುಖ್ಯ, ಮರಕ್ಕೆ ಹತ್ತಿದ್ರೆ ಮೆಣಸಿನ ಬಳ್ಳಿಗೆ ಜಾಗ ಬಿಡಲ್ಲ, ಕೊನೆಗಾರರಿಗೂ ಮದ್ದು ಹೊಡೆಯೋರಿಗೂ ಮರ ಹತ್ತೋದು ಕಷ್ಟ ಆಗತ್ತೆ.

5. ಕುಂಡ ಮತ್ತು ಮಣ್ಣು

ಮಲೆನಾಡಲ್ಲಿ ಐವಿನ ಕುಂಡದಲ್ಲೇ ಬೆಳೆಸಿ ಅನ್ನೋದು ನನ್ನ ಖಚಿತ ಅಭಿಪ್ರಾಯ, ಯಾಕಂದ್ರೆ ಕುಂಡನ ಮಳೆಯಿಂದ ಎತ್ತಿ ಒಳಗೆ ಇಡ್ಬಹುದು, ನೆಲನ ಎತ್ತಿಡೋಕೆ ಆಗಲ್ಲ. ಮಣ್ಣಿನ ಕುಂಡ ಪ್ಲಾಸ್ಟಿಕ್‌ಗಿಂತ ಒಳ್ಳೇದು, ಪಕ್ಕದಿಂದಲೂ ನೀರು ಆವಿಯಾಗತ್ತೆ. 6ರಿಂದ 8 ಇಂಚಿನದು ಸಾಕು. ಸಣ್ಣ ಗಿಡಕ್ಕೆ ದೊಡ್ಡ ಕುಂಡ ಕೊಟ್ರೆ ಬೇರು ಇಲ್ಲದ ಮಣ್ಣೆಲ್ಲ ಒದ್ದೆನೇ ಉಳಿದು ಕೊಳೆಯೋಕೆ ದಾರಿ ಆಗತ್ತೆ. ತಳದ ತೂತು ಒಂದೇ ಇದ್ರೆ ಇನ್ನೆರಡು ಮಾಡ್ಕೊಳ್ಳಿ.

ಮಿಶ್ರಣ ಹೀಗೆ: ತೋಟದ ಮೇಲ್ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಸುಡುಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅರ್ಧ ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಪೂರ್ತಿ ಕಳಿತ ಅಡಿಕೆ ಸಿಪ್ಪೆ ಅರ್ಧ ಪಾಲು. ಎಂ-ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿದ ಮರಳು, ಹಾಕೋದಾದ್ರೆ ಜರಡಿ ಹಿಡಿದು ಪುಡಿ ತೆಗೀರಿ, ಆ ಪುಡಿ ಸಿಮೆಂಟಿನ ಹಾಗೆ ಗಟ್ಟಿ ಕೂತ್ಕೊಳ್ಳತ್ತೆ.

ಸುಡುಮಣ್ಣು ಗೊತ್ತಿಲ್ಲದ ಪೇಟೆಯವ್ರಿಗೆ: ಒಣಗಿದ ದರಗು, ಕಸಕಡ್ಡಿ, ಮೇಲೆ ಮಣ್ಣು ಹೀಗೆ ಪದರ ಪದರವಾಗಿ ರಾಶಿ ಹಾಕಿ ಹೊಗೆಯಲ್ಲೇ ನಿಧಾನಕ್ಕೆ ಸುಡೋದು. ಮಣ್ಣಿನ ಹುಳ, ಕಳೆ ಬೀಜ ಸಾಯತ್ತೆ, ಮಣ್ಣು ಹಗುರ ಆಗತ್ತೆ, ಬೂದಿಯೂ ಸೇರತ್ತೆ. ಹಿಂದಿನಿಂದ ನಮ್ಮ ಹೆಂಗಸರು ಹೂವಿನ ಗಿಡಕ್ಕೆ ಇದನ್ನ ಹಾಕ್ತಾ ಬಂದಿದಾರೆ, ಐವಿಗೂ ಇದು ತುಂಬಾ ಹೊಂದತ್ತೆ, ಯಾಕಂದ್ರೆ ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಹುಳಿ ಜಾಸ್ತಿ. ಹುಳಿ ಅಂದ್ರೆ ಆಮ್ಲೀಯ, ಪಿಎಚ್ 7ಕ್ಕಿಂತ ಕೆಳಗೆ ಇರೋದು, ಜೋರು ಮಳೆಗೆ ಸುಣ್ಣದ ಅಂಶ ತೊಳೆದು ಹೋಗಿ ಹಾಗಾಗತ್ತೆ. ಐವಿಗೆ ಇಷ್ಟ ಆಗೋದು ಹುಳಿ ಕಡಿಮೆ ಇರೋ ಮಣ್ಣು, 6.5ರಿಂದ 7.5 ಒಳಗೆ. ಅದಕ್ಕೆ 8 ಇಂಚಿನ ಕುಂಡಕ್ಕೆ ಒಂದರಿಂದ ಎರಡು ಟೀ ಚಮಚ ಕೃಷಿ ಸುಣ್ಣ ಅಥವಾ ಡಾಲಮೈಟ್ ಪುಡಿ ಬೆರೆಸಿ, ತೋಟಕ್ಕೆ ಹಾಕೋಕೆ ತಂದ ಚೀಲದಲ್ಲಿ ಉಳಿದದ್ದೇ ಸಾಕು. ಸುಡುಮಣ್ಣಲ್ಲಿ ಬೂದಿ ಜಾಸ್ತಿ ಇದ್ರೆ ಒಂದೇ ಚಮಚ ಹಾಕಿ. ಎಲೆಗೆ ಹಚ್ಚೋ ಸುಣ್ಣ, ಗೋಡೆಗೆ ಬಳಿಯೋ ಸುಣ್ಣ ಹಾಕಬೇಡಿ, ಬೇರು ಸುಟ್ಟು ಹೋಗತ್ತೆ.

6. ನೆಡೋದು

ತಂದ ದಿನಾನೇ ನೆಡಬೇಡಿ. ಹೆಚ್ಚಿನ ಗಿಡ ತಂಪು ಪಾಲಿಹೌಸ್‌ನಲ್ಲಿ ಬೆಳೆದಿರತ್ತೆ, ಹತ್ತು ಹದಿನೈದು ದಿನ ಜಗಲಿಯಲ್ಲಿ ಇಟ್ಟು ನಮ್ಮ ಗಾಳಿಗೆ ಒಗ್ಗಿಸಿ. ಈ ದಿನಗಳಲ್ಲಿ ಒಂದಷ್ಟು ಹಳೇ ಎಲೆ ಉದುರಿದ್ರೆ ಗಾಬರಿ ಬೇಡ.

ಆಮೇಲೆ ಕವರ್ ತೆಗೆದು ಬೇರಿನ ಉಂಡೆ ನೋಡಿ. ಬರೀ ಕೊಕೊಪೀಟ್ ಇರತ್ತೆ, ಅದನ್ನ ಹಾಗೇ ಮಣ್ಣಿಗೆ ಇಟ್ರೆ ಸುತ್ತ ಮಣ್ಣು ಒಣಗಿದ್ರೂ ಒಳಗಿನ ಉಂಡೆ ಒದ್ದೆ ಇರತ್ತೆ, ಹೊರಗಿಂದ ನಮಗೆ ಗೊತ್ತಾಗಲ್ಲ. ಕೈಯಲ್ಲಿ ಮೆತ್ತಗೆ ಸಡಿಲ ಮಾಡಿ ಅರ್ಧದಷ್ಟು ಉದುರಿಸಿ. ಒಂದೇ ಕುಂಡದಲ್ಲಿ ನಾಲ್ಕೈದು ಕಡ್ಡಿ ಸೇರಿಸಿ ನೆಟ್ಟಿರ್ತಾರೆ, ಅದು ಒಳ್ಳೇದೇ, ಬೇರ್ಪಡಿಸೋಕೆ ಹೋಗ್ಬೇಡಿ. ಮೊದಲಿದ್ದ ಆಳಕ್ಕೇ ನೆಡಿ, ಕಾಂಡ ಮಣ್ಣಲ್ಲಿ ಹೂತ್ರೆ ಕೊಳೆಯತ್ತೆ.

ನೆಲದಲ್ಲೇ ಬೇಕು ಅಂತ ಹಟ ಇರೋರು ಒಂದಡಿ ಎತ್ತರದ ಮಡಿ ಮಾಡಿ, ಸುತ್ತ ಕಲ್ಲು ಕಟ್ಟಿ, ಹೆಂಚಿನ ನೀರು ಬೀಳೋ ಗೆರೆಯಿಂದ ಪೂರ್ತಿ ಹೊರಗೆ ನೆಡಿ.

ಕೈ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಐವಿ ರಸದಲ್ಲಿ ಫಾಲ್ಕರಿನಾಲ್ ಅನ್ನೋ ಅಂಶ ಇದೆ, ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ, ಗುಳ್ಳೆ ಆಗತ್ತೆ. ಕತ್ತರಿಸೋವಾಗ ಗ್ಲೌಸ್ ಹಾಕಿ, ತುಂಬು ತೋಳಿನ ಅಂಗಿ ಹಾಕಿ, ಕಣ್ಣು ಮುಟ್ಕೋಬೇಡಿ. ಎಲೆಯಲ್ಲಿ ಸಪೋನಿನ್ ಕೂಡ ಇದೆ, ಅಂಟುವಾಳದಲ್ಲಿ ನೊರೆ ಬರಿಸೋ ಅಂಶದ ಗುಂಪಿಗೇ ಸೇರಿದ್ದು, ಹೊಟ್ಟೆಗೆ ಹೋದ್ರೆ ವಾಂತಿ ಭೇದಿ ಆಗತ್ತೆ. ದನ, ಕರು, ಆಡು, ನಾಯಿ, ಅಂಬೆಗಾಲಿಡೋ ಮಕ್ಕಳು ಇರೋ ಮನೆಯಲ್ಲಿ ಎತ್ತರಕ್ಕೆ ತೂಗುಹಾಕಿ.

7. ಆಸರೆ, ಮತ್ತೆ ಗೋಡೆಯ ವಿಷಯ

ತೂಗು ಕುಂಡದಲ್ಲಿ ಇಳಿಬಿಟ್ರೆ ಆಸರೆನೇ ಬೇಡ. ಹತ್ತಿಸೋದಾದ್ರೆ ಅಡಿಕೆ ದಬ್ಬೆಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ ಕುಂಡದ ಮಧ್ಯ ನೆಡಿ, ಪೇಟೆಯಲ್ಲಿ ಸಿಗೋ ಮಾಸ್ ಸ್ಟಿಕ್‌ಗಿಂತ ಇದು ಗಟ್ಟಿ. ಮೊದಲು ಬಳ್ಳಿನ ಬಾಳೆ ನಾರಲ್ಲಿ ಸಡಿಲವಾಗಿ ಕಟ್ಟಿ. ಹಳೇ ಕಾಂಡಕ್ಕೆ ಹೊಸದಾಗಿ ಅಂಟೋ ಶಕ್ತಿ ಇರಲ್ಲ, ಇನ್ನು ಮುಂದೆ ಬರೋ ಕುಡಿ ಮಾತ್ರ ಹಿಡಿಯತ್ತೆ. ಅದೇ ಕಾರಣಕ್ಕೆ ಒಮ್ಮೆ ಹಿಡಿದ ಬಳ್ಳಿನ ಕಿತ್ತು "ಮತ್ತೆ ಅಂಟತ್ತೆ ಬಿಡು" ಅಂದ್ಕೋಬೇಡಿ, ಅಂಟಲ್ಲ.

ಗೋಡೆಗೆ ಹಬ್ಬಿಸೋದು ಎಲ್ಲರ ಆಸೆ, ಫೋಟೋದಲ್ಲಿ ನೋಡಿರ್ತಾರೆ. ಬಿರುಕಿಲ್ಲದ ಸಿಮೆಂಟ್ ಗಾರೆಯ ಕಾಂಪೌಂಡ್ ಗೋಡೆ ಆದ್ರೆ ಅಡ್ಡಿಯಿಲ್ಲ. ಮಣ್ಣಿನ ಗೋಡೆ, ಗಾರೆ ಮಾಡದ ಜಂಬಿಟ್ಟಿಗೆ ಗೋಡೆ, ಹಳೇ ಸುಣ್ಣದ ಗೋಡೆಗೆ ಖಂಡಿತ ಬೇಡ. ಬಿರುಕಿಗೆ ಹೊಕ್ಕ ಬಳ್ಳಿ ವರ್ಷ ಕಳೆದ ಹಾಗೆ ದಪ್ಪ ಆಗಿ ಬಿರುಕನ್ನ ಅಗಲ ಮಾಡತ್ತೆ. ಹೆಂಚಿನ ಮನೆಯಲ್ಲಂತೂ ಹೆಂಚಿನ ಸಂದಿಗೆ ಕುಡಿ ನುಗ್ಗಿ ಹೆಂಚು ಸರಿಸಿಬಿಡತ್ತೆ, ಮಳೆಗಾಲದಲ್ಲಿ ಅಟ್ಟ ಸೋರೋಕೆ ಶುರು ಆದ ಮೇಲೆ ಕಾರಣ ಹುಡುಕ್ತಾ ಕೂರ್ಬೇಕು. ಸೂರಿನಿಂದ ಎರಡಡಿ ಕೆಳಗೇ ಕುಡಿ ಚಿವುಟ್ತಾ ಇರಿ. ಬಳ್ಳಿ ತೆಗೆದ ಮೇಲೆ ಬಣ್ಣದ ಮೇಲೆ ಬೇರಿನ ಕಲೆ ಉಳಿಯತ್ತೆ ಅನ್ನೋದೂ ಗೊತ್ತಿರ್ಲಿ. ಮನೆ ಗೋಡೆಯಿಂದ ನಾಲ್ಕು ಇಂಚು ದೂರಕ್ಕೆ ತಂತಿ ಜಾಲರಿ ನಿಲ್ಲಿಸಿ ಅದಕ್ಕೆ ಕಟ್ಟೋದು ನಂಗೆ ಹೆಚ್ಚು ಸರಿ ಅನ್ಸತ್ತೆ, ಹಿಂದೆ ಗಾಳಿ ಆಡತ್ತೆ, ಗೋಡೆ ಪಾಚಿ ಕಟ್ಟಲ್ಲ.

ಮೊದಲ ವರ್ಷ ಬೆಳವಣಿಗೆ ಬಹಳ ನಿಧಾನ, ಬಿಳಿ ಭಾಗ ಆಹಾರ ಮಾಡಲ್ಲವಾದ್ದರಿಂದ ಹಸಿರು ಐವಿಗಿಂತಲೂ ನಿಧಾನ. ಅದಕ್ಕೆ ಗೊಬ್ಬರ ಸುರಿಯೋಕೆ ಹೋಗ್ಬೇಡಿ.

8. ನೀರು, ಗೊಬ್ಬರ

ಬೆರಳು ಒಂದಿಂಚು ಮಣ್ಣಿಗೆ ಇಳಿಸಿ, ಒಣಗಿದ್ರೆ ಮಾತ್ರ ತಳದ ತೂತಿಂದ ಬರೋ ತನಕ ನೀರು ಹಾಕಿ, ಇಲ್ಲಾಂದ್ರೆ ಬೇಡ. ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ ಸಾಕಾಗ್ಬಹುದು, ಏಪ್ರಿಲ್‌ನಲ್ಲಿ ದಿನಾ ಬೇಕಾಗ್ಬಹುದು, ಲೆಕ್ಕ ಇಟ್ಕೊಳ್ಳೋ ಬದಲು ಬೆರಳನ್ನ ನಂಬಿ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಗಿಡ ಬಾಡಿದೆ, ಆದ್ರೆ ಮಣ್ಣು ಒದ್ದೆ ಇದೆ ಅಂದ್ರೆ ಅದು ನೀರು ಜಾಸ್ತಿ ಆಗಿ ಬೇರು ಕೊಳೀತಿರೋ ಲಕ್ಷಣ, ಇಲ್ಲೇ ಹೆಚ್ಚಿನವ್ರು ಇನ್ನೊಂದು ಚೊಂಬು ನೀರು ಹಾಕಿ ಗಿಡ ಕಳ್ಕೊಳ್ಳೋದು.

ಅಕ್ಟೋಬರಿಂದ ಮಾರ್ಚ್ ತನಕ ತಿಂಗಳಿಗೊಮ್ಮೆ ಸೆಗಣಿ ಬಗ್ಗಡಕ್ಕೆ ಹತ್ತು ಪಾಲು ನೀರು ಬೆರೆಸಿ ಸೋಸಿ ಹಾಕಿ, ಅಥವಾ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋದು) ಲೀಟರಿಗೆ 1 ಗ್ರಾಂ. ಯೂರಿಯಾ ಬೇಡ, ಸಾರಜನಕ ಜಾಸ್ತಿ ಆದ್ರೆ ಹಸಿರೇ ಉಕ್ಕಿ ಬರತ್ತೆ. ಮಳೆಗಾಲದಲ್ಲಿ ಯಾವ ಗೊಬ್ಬರವೂ ಬೇಡ.

9. ಬಿಳಿ ಹೋಗಿ ಹಸಿರಾಗೋದು ಯಾಕೆ, ಏನ್ ಮಾಡ್ಬೇಕು

ನರ್ಸರಿಯವ್ರು ಮೋಸ ಮಾಡಿಲ್ಲ. ಈ ಬಳ್ಳಿಯ ಕುಡಿಯಲ್ಲಿ ಎರಡು ಥರದ ಜೀವಕೋಶ ಪದರ ಪದರವಾಗಿ ಜೊತೆಗೇ ಇರತ್ತೆ, ಒಂದಕ್ಕೆ ಹಸಿರು ಮಾಡೋಕೆ ಬರತ್ತೆ, ಇನ್ನೊಂದಕ್ಕೆ ಬರಲ್ಲ. ಇಂಥದಕ್ಕೆ ಕೈಮೆರಾ ಅಂತಾರೆ. ಎರಡೂ ಸಮವಾಗಿ ಬೆಳೆದಷ್ಟು ದಿನ ಎಲೆಯಲ್ಲಿ ಚಿತ್ತಾರ ಬರತ್ತೆ. ಯಾವಾಗಲೋ ಒಂದು ಕುಡಿಯಲ್ಲಿ ಹಸಿರು ಪದರ ಮಾತ್ರ ಉಳೀತು ಅಂದ್ರೆ ಆ ಕವಲು ಪೂರ್ತಿ ಹಸಿರಾಗೇ ಬರತ್ತೆ. ಹಸಿರು ಕವಲು ಜಾಸ್ತಿ ಆಹಾರ ತಯಾರಿಸತ್ತೆ, ಜೋರಾಗಿ ಬೆಳೆಯತ್ತೆ, ನೀವು ಸುಮ್ಮನಿದ್ರೆ ಒಂದೆರಡು ವರ್ಷದಲ್ಲಿ ಚಿತ್ತಾರದ ಕವಲನ್ನೆಲ್ಲ ಮುಚ್ಚಿಬಿಡತ್ತೆ.

ಮಾಡೋದು ಇಷ್ಟೇ. ತಿಂಗಳಿಗೊಮ್ಮೆ ಗಿಡದ ಮುಂದೆ ಕೂತು ಒಂದೊಂದೇ ಕವಲು ನೋಡಿ. ಪೂರ್ತಿ ಹಸಿರು ಎಲೆ ಸಾಲಾಗಿ ಬರ್ತಿದ್ರೆ ಆ ಕವಲನ್ನ ಹಿಂಬಾಲಿಸ್ತಾ ಬನ್ನಿ, ಕೊನೇ ಚಿತ್ತಾರದ ಎಲೆ ಎಲ್ಲಿದೆಯೋ ಅಲ್ಲಿ, ಆ ಎಲೆಯ ಗೆಣ್ಣಿಗೆ ಸ್ವಲ್ಪ ಮೇಲೆ ಕತ್ತರಿಸಿ. ಬುಡದಿಂದಲೇ ಹಸಿರಾಗಿ ಬಂದಿದ್ರೆ ಹುಟ್ಟಿದ ಜಾಗಕ್ಕೇ ಕತ್ತರಿಸಿ. ಬರೀ ತುದಿ ಚಿವುಟಿದ್ರೆ ಪ್ರಯೋಜನ ಇಲ್ಲ, ಕೆಳಗಿನ ಹಸಿರು ಗೆಣ್ಣಿಂದ ಎರಡು ಹಸಿರು ಕವಲು ಬರತ್ತೆ. "ಅಯ್ಯೋ ಚೆನ್ನಾಗಿ ಬೆಳೆದಿದೆ, ಕಡಿಯೋಕೆ ಮನಸ್ಸಾಗಲ್ಲ" ಅಂತ ಬಿಟ್ರೆ ಆಮೇಲೆ ಅರ್ಧ ಗಿಡ ಕಡೀಬೇಕಾಗತ್ತೆ.

ಇದರ ವಿರುದ್ಧವೂ ಆಗತ್ತೆ, ಪೂರ್ತಿ ಬಿಳಿ ಕವಲು. ಬಹಳ ಚೆಂದ, ಆದ್ರೆ ಅದು ತನ್ನ ಊಟ ತಾನು ಮಾಡ್ಕೊಳ್ಳಲ್ಲ, ಉಳಿದ ಎಲೆಗಳ ದುಡಿಮೆಯಲ್ಲಿ ಬದುಕತ್ತೆ. ಒಂದೆರಡು ಇದ್ರೆ ಇರ್ಲಿ, ಜಾಸ್ತಿ ಆದ್ರೆ ತೆಗೀರಿ. ಬಿಳಿ ಎಲೆ ತುಂಬಿರೋ ಗಿಡ ತರಬೇಡಿ ಅಂದಿದ್ದು ಇದಕ್ಕೇ.

ಒಂದು ವ್ಯತ್ಯಾಸ ಗಮನಿಸಿ. ಜುಲೈ-ಆಗಸ್ಟ್‌ನಲ್ಲಿ ಬಿಸಿಲೇ ಇಲ್ಲದ ದಿನಗಳಲ್ಲಿ ಹೊಸ ಎಲೆ ಎಲ್ಲ ಕಡೆನೂ ಸ್ವಲ್ಪ ಹಸಿರು ಜಾಸ್ತಿ ಆಗಿ, ಅಂಚು ಸಣ್ಣದಾಗಿ ಬರತ್ತೆ. ಇದು ಬೆಳಕು ಕಡಿಮೆ ಆಗಿದ್ದಕ್ಕೆ. ಬಿಳಿ ಪೂರ್ತಿ ಹೋಗಿರಲ್ಲ, ಅಕ್ಟೋಬರ್ ಬೆಳಕಿಗೆ ಬರೋ ಎಲೆಯಲ್ಲಿ ಮತ್ತೆ ಸರಿ ಆಗತ್ತೆ. ಆಗ ಕತ್ತರಿ ತಗೊಂಡು ಗಿಡ ಬೋಳಿಸಬೇಡಿ. ಒಂದೇ ಕವಲು ಪೂರ್ತಿ ಹಸಿರು, ಪಕ್ಕದ್ದು ಚಿತ್ತಾರ ಅಂತ ಇದ್ರೆ ಮಾತ್ರ ಕತ್ತರಿಸೋದು.

10. ಮಳೆಗಾಲ ದಾಟಿಸೋದು

ಮೇ ಕೊನೆಗೇ ಕೆಲಸ ಶುರು ಮಾಡಿ, ಮೊದಲ ಜಡಿಮಳೆ ಬಂದ ಮೇಲೆ ಅಲ್ಲ. ಬಳ್ಳಿ ಒತ್ತೊತ್ತಾಗಿದ್ರೆ ಒಳಗಿನ ಒಣ ಎಲೆ, ಸಣ್ಣ ಕವಲು ತೆಗೆದು ಗಾಳಿ ಆಡೋ ಹಾಗೆ ಮಾಡಿ. ಕುಂಡದ ಮೇಲಿನ ಎಲೆ ಕಸ ಗುಡಿಸಿ. ತೂತು ಕಟ್ಟಿದ್ರೆ ಕಡ್ಡಿ ಹಾಕಿ ಬಿಡಿಸಿ. ಆಮೇಲೆ ಕುಂಡನ ಜಗಲಿಯ ಒಳಗೆ, ಎರಚಲು ತಾಗದ ಕಡೆ ತನ್ನಿ. ಆದ್ರೆ ಬೆಳಕಿರೋ ಅಂಚಲ್ಲೇ ಇರ್ಲಿ, ಒಳಕೋಣೆಗೆ ತಗೊಂಡು ಹೋಗ್ಬೇಡಿ. ನೆಲದಿಂದ ಎತ್ತರಕ್ಕೆ, ಎರಡು ಇಟ್ಟಿಗೆ ಮೇಲೆ. ಒಂದು ಕುಂಡಕ್ಕೂ ಇನ್ನೊಂದಕ್ಕೂ ಒಂದಡಿ ಅಂತರ.

ಎರಚಲಿನ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಮಳೆಗಾಲದಲ್ಲಿ ಬರೋ ಎಲೆಚುಕ್ಕೆ ರೋಗ ಒಂದು ಬ್ಯಾಕ್ಟೀರಿಯಾದಿಂದ ಬರೋದು, ನೀರು ಸಿಡಿದಾಗ ಎಲೆಯಿಂದ ಎಲೆಗೆ ದಾಟತ್ತೆ. ಮೊದಲು ಎಣ್ಣೆ ಬಿದ್ದ ಕಾಗದದ ಹಾಗೆ ಸಣ್ಣ ಚುಕ್ಕೆ, ಆಮೇಲೆ ಅದು ಕಂದು-ಕಪ್ಪಾಗಿ ಸುತ್ತ ಹಳದಿ ಬಳೆ ಕಟ್ಟತ್ತೆ. ಕಂಡ ಎಲೆನೆಲ್ಲ ಒಣಗಿದ ಹೊತ್ತಲ್ಲಿ ಕಿತ್ತು ದೂರ ಹಾಕಿ, ಒದ್ದೆ ಗಿಡ ಮುಟ್ಟಬೇಡಿ. ಜಾಸ್ತಿ ಇದ್ರೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಎಲೆಯ ಎರಡೂ ಬದಿಗೆ ಹೊಡೀರಿ.

"ತೋಟಕ್ಕೆ ಮಾಡಿದ ಬೋರ್ಡೋ ಉಳಿದಿದೆ, ಅದನ್ನೇ ಹೊಡೀಬಹುದಾ" ಅಂತ ಕೇಳ್ತಾರೆ. ಅಡಿಕೆಗೆ ಮಾಡೋದು ಶೇಕಡಾ 1ರದ್ದು, ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದು ಎಳೇ ಐವಿ ಎಲೆಗೆ ಖಾರ ಆಗತ್ತೆ, ಅಷ್ಟೇ ನೀರು ಸೇರಿಸಿ ಅರ್ಧಕ್ಕೆ ಇಳಿಸಿ, ಮಾಡಿದ ದಿನಾನೇ ಹೊಡೀಬೇಕು, ಮಾರನೇ ದಿನಕ್ಕೆ ಇಡಬೇಡಿ. ನೀಲಿ ಕಲೆ ಎಲೆ ಮೇಲೆ ತುಂಬಾ ದಿನ ಉಳಿಯತ್ತೆ, ಚೆಂದಕ್ಕೆ ಸಾಕಿದ ಗಿಡಕ್ಕೆ ಅದು ಬೇಸರವೇ, ಹಾಗಾಗಿ ಬೇರೆ ದಾರಿ ಇಲ್ಲದಾಗ ಮಾತ್ರ.

ಜಗಲಿಯಲ್ಲಿದ್ದ ಗಿಡಕ್ಕೆ ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ನೀರು ಬೇಕಾಗ್ಬಹುದು, ಅದನ್ನೂ ಬೆರಳಲ್ಲಿ ನೋಡಿನೇ ಹಾಕಿ, ಎಲೆ ಮೇಲೆ ಬೀಳದ ಹಾಗೆ ಬುಡಕ್ಕೆ. ರಾತ್ರಿ ಟಾರ್ಚ್ ಹಾಕಿ ಬಸವನಹುಳು ಹೆಕ್ಕಿ.

ಬೇರು ಕೊಳೆತೇ ಹೋಯ್ತು ಅಂದ್ರೆ ಕಾಯ್ಬೇಡಿ. ಗಿಡ ಹೊರಗೆ ತೆಗೆದು ಮೆತ್ತಗಾದ ಕಂದು ಬೇರೆಲ್ಲ ಕತ್ತರಿಸಿ, ಒಳ್ಳೇ ಬೇರು ಉಳಿದಿದ್ರೆ ಸಣ್ಣ ಕುಂಡಕ್ಕೆ ಹೊಸ ಮಣ್ಣಲ್ಲಿ ಹಾಕಿ. ಬೇರೇ ಉಳಿದಿಲ್ಲ ಅಂದ್ರೆ ಮೇಲಿನ ಗಟ್ಟಿ ಕುಡಿಗಳನ್ನ ಕತ್ತರಿಸಿ ತಕ್ಷಣ ಕಡ್ಡಿ ನೆಡಿ (12ನೇ ಹಂತ ನೋಡಿ), ಬುಡ ಹೋದ್ರೂ ಗಿಡ ಉಳಿಯತ್ತೆ.

11. ಬೇಸಿಗೆಯ ಶತ್ರು: ನುಸಿ

ಫೆಬ್ರವರಿಯಿಂದ ಮಳೆ ಬರೋ ತನಕ ಒಣಗಾಳಿಗೆ ಕೆಂಪು ನುಸಿ ಬರತ್ತೆ. ತೆಂಗಿನಕಾಯಿಗೆ ಬರೋ ನುಸಿಯ ದೂರದ ಸಂಬಂಧಿನೇ, ಎಂಟು ಕಾಲಿನ ಜೇಡದ ಕಡೆಯದು, ಕೀಟ ಅಲ್ಲ, ಹಾಗಾಗಿ ಸಾಮಾನ್ಯ ಕೀಟನಾಶಕ ಹೊಡೆದ್ರೆ ಸಾಯಲ್ಲ, ಅದನ್ನ ತಿನ್ನೋ ಒಳ್ಳೇ ಹುಳ ಸತ್ತು ಇನ್ನೂ ಜಾಸ್ತಿ ಆಗತ್ತೆ. ಎಲೆ ಮೇಲೆ ರವೆ ಚೆಲ್ಲಿದ ಹಾಗೆ ಮಂಕು ಚುಕ್ಕೆ, ಕೆಳಗೆ ಸಣ್ಣ ಬಲೆ ಕಾಣತ್ತೆ. ಬಿಳಿ ಎಲೆಯಲ್ಲಿ ಚುಕ್ಕೆ ಬೇಗ ಗೊತ್ತಾಗಲ್ಲ, ಬಿಳಿ ಕಾಗದದ ಮೇಲೆ ಎಲೆ ಕೊಡವಿ ನೋಡಿ, ಧೂಳು ನಡೆದಾಡಿದ್ರೆ ನುಸಿ.

ವಾರಕ್ಕೊಮ್ಮೆ ಬೆಳಿಗ್ಗೆ ಪೈಪಲ್ಲಿ ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಬಿಟ್ಟು ತೊಳೆಯಿರಿ, ಇದು ಬೇಸಿಗೆಯಲ್ಲಿ ಮಾತ್ರ, ಸಂಜೆಯೊಳಗೆ ಎಲೆ ಒಣಗಬೇಕು. ಕಡಿಮೆ ಆಗದಿದ್ರೆ ಲೀಟರಿಗೆ 5 ಮಿ.ಲೀ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ, ಬಿಸಿಲು ಇಳಿದ ಮೇಲೆ ಹೊಡೆದು ಐದಾರು ದಿನ ಬಿಟ್ಟು ಮತ್ತೊಮ್ಮೆ. ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ನೋಡಿ, ಬಿಳಿ ಭಾಗ ಸುಡತ್ತಾ ಅಂತ. ಹತ್ತಿಯಂಥ ಹಿಟ್ಟು ತಿಗಣೆಗೂ ಇದೇ ಸಾಕು.

12. ಹೊಸ ಗಿಡ ಮಾಡೋದು, ಕತ್ತರಿಸಿದ್ದನ್ನ ಏನ್ ಮಾಡೋದು

ನವೆಂಬರಿಂದ ಜನವರಿ ಒಳ್ಳೇ ಕಾಲ. ಬೀಜದಿಂದ ಚಿತ್ತಾರ ಬರಲ್ಲ, ಕಡ್ಡಿಯಿಂದಲೇ ಮಾಡ್ಬೇಕು, ಮತ್ತೆ ಯಾವ ಕವಲಿಂದ ಕಡ್ಡಿ ತಗೋತೀರೋ ಹೊಸ ಗಿಡ ಹಾಗೇ ಬರತ್ತೆ. ಹಸಿರು ಕವಲಿನ ಕಡ್ಡಿ ಹಸಿರು ಗಿಡವೇ, ಪೂರ್ತಿ ಬಿಳಿ ಕಡ್ಡಿ ಬದುಕೋದೇ ಇಲ್ಲ. ಬಿಳಿ-ಹಸಿರು ಸಮ ಇರೋ ಕವಲು ಆರಿಸಿ 4-5 ಇಂಚು ಉದ್ದಕ್ಕೆ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ಒಂದು ಗೆಣ್ಣು ಒಳಗೆ ಹೋಗೋ ಹಾಗೆ ಮರಳು-ಕೊಕೊಪೀಟ್ ಮಿಶ್ರಣಕ್ಕೆ ಚುಚ್ಚಿ, ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಮುಚ್ಚಿ ನೆರಳಲ್ಲಿಡಿ. ನಾಲ್ಕರಿಂದ ಆರು ವಾರ ಬೇಕು, ದಿನಾ ಎಳೆದು ನೋಡ್ಬೇಡಿ.

ಇದಕ್ಕಿಂತ ಸುಲಭ, ಬಳ್ಳಿ ಕತ್ತರಿಸದೇ ಪಕ್ಕದ ಕುಂಡದ ಮಣ್ಣಿನ ಮೇಲೆ ಮಲಗಿಸಿ ಗೆಣ್ಣಿಗೆ ಹೇರ್‌ಪಿನ್ ಚುಚ್ಚಿ ಬಿಡೋದು, ಮೆಣಸಿನ ಹಬ್ಬು ಬಳ್ಳಿಯಿಂದ ಸಸಿ ಮಾಡೋರಿಗೆ ಇದು ಗೊತ್ತಿರೋ ಕೆಲಸವೇ. ಎರಡು ತಿಂಗಳಲ್ಲಿ ಬೇರು ಹಿಡಿದ ಮೇಲೆ ತಾಯಿ ಬಳ್ಳಿಯಿಂದ ಬೇರೆ ಮಾಡಿ. ಸೋಲೋದು ಬಹಳ ಕಡಿಮೆ.

ಕತ್ತರಿಸಿ ಉಳಿದ ಬಳ್ಳಿನ ಬೇಣಕ್ಕೆ, ಹಳ್ಳಕ್ಕೆ, ಕಾಡಿನ ಅಂಚಿಗೆ ಎಸೆಯಬೇಡಿ. ಒಂದು ಗೆಣ್ಣು ಮಣ್ಣಿಗೆ ತಾಗಿದ್ರೂ ಬೇರು ಬಿಡತ್ತೆ. ಅಮೆರಿಕದ ಒರೆಗಾನ್‌ನಲ್ಲಿ ಇದು ಕಾಡಿಗೆ ನುಗ್ಗಿ ನೆಲ ಮುಚ್ಚಿದ್ದಕ್ಕೆ ಮಾರಾಟಾನೇ ನಿಲ್ಲಿಸಿದಾರೆ. ನಮ್ಮ ಲಂಟಾನ ಕೂಡ ಅಲಂಕಾರಕ್ಕೆ ಅಂತ ತಂದ ಗಿಡವೇ, ಈಗ ಕಾಡಲ್ಲಿ ಕಾಲಿಡೋಕೆ ಆಗ್ತಿಲ್ಲ. ದನದ ಕೊಟ್ಟಿಗೆಗೆ ಹಾಸೋ ಸೊಪ್ಪಿನ ಜೊತೆನೂ ಸೇರಿಸಬೇಡಿ. ಬಿಸಿಲಿದ್ದಾಗ ಸಿಮೆಂಟ್ ನೆಲದ ಮೇಲೆ ಹರಡಿ ಗರಿಗರಿ ಆಗೋ ತನಕ ಒಣಗಿಸಿ ಗೊಬ್ಬರಗುಂಡಿಗೆ ಹಾಕಿ, ಮಳೆಗಾಲದಲ್ಲಾದ್ರೆ ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಎರಡು ಮೂರು ತಿಂಗಳು ಮೂಲೆಯಲ್ಲಿಡಿ, ಒಳಗೇ ಕೊಳೆತು ಹೋಗತ್ತೆ.